ಒಂದೇ ಪೆಟ್ಟಿಗೆ, ಎರಡು ಆಯುಷ್ಯ: ಸ್ಟ್ರೀಮಿಂಗ್ ಇರುವ ಅಗ್ಗದ ಬ್ಲೂ-ರೇ ಪ್ಲೇಯರ್‌ನ ದೀರ್ಘಕಾಲದ ಬಳಕೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳಿಂದ ನಮ್ಮ ಟಿವಿಯ ಕೆಳಗಿರುವ ಬ್ಲೂ-ರೇ ಪ್ಲೇಯರ್ ಡಿಸ್ಕ್ ಓದುವುದರಲ್ಲಿ ಇಂದಿಗೂ ಕೊಂಡಾಗ ಹೇಗಿತ್ತೋ ಹಾಗೆಯೇ ಇದೆ. ಸ್ಟ್ರೀಮಿಂಗ್ ವಿಷಯದಲ್ಲಿ ಮಾತ್ರ ಅದಕ್ಕೆ ಆಗಲೇ ಮುಪ್ಪು ಬಂದಿದೆ. ಹೊರಗಿನಿಂದ ನೋಡಿದರೆ ಒಂದೇ ಪೆಟ್ಟಿಗೆ. ಒಳಗಿರುವುದು ಎರಡು ಯಂತ್ರ, ಎರಡರ ಆಯುಷ್ಯವೂ ಬೇರೆ. ಕಡಿಮೆ ಬೆಲೆಯ ಪ್ಲೇಯರ್ ಹುಡುಕುತ್ತಿರುವವರು ಇದೊಂದನ್ನು ತಿಳಿದುಕೊಂಡು ಹೊರಟರೆ ಉಳಿದ ಆಯ್ಕೆಗಳು ಬಹಳ ಸುಲಭವಾಗುತ್ತವೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ದರ್ಜೆಯ ಪ್ಲೇಯರ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಚ್ಚಿನವು.

ನಾನು ಕೊಂಡದ್ದು ಈ ಸಾಲಿನ ಸಾಮಾನ್ಯ ಮಾದರಿ. ಬ್ಲೂ-ರೇ, ಡಿವಿಡಿ, ಆಡಿಯೊ ಸಿಡಿ ಮೂರನ್ನೂ ಓದುತ್ತದೆ. ಹಿಂದೆ ಒಂದು ಎಚ್‌ಡಿಎಂಐ, ಒಂದು ಲ್ಯಾನ್ ಪೋರ್ಟ್, ಮುಂದೆ ಒಂದು ಯುಎಸ್‌ಬಿ, ಒಳಗೆ ವೈ-ಫೈ. ಮುಂಭಾಗದಲ್ಲಿ ಸಮಯ ತೋರಿಸುವ ಪರದೆ ಇಲ್ಲ, ಒಂದು ಸಣ್ಣ ದೀಪವಷ್ಟೇ. ನಮ್ಮ ಟಿವಿ ಆ್ಯಪ್‌ಗಳಿಲ್ಲದ ಹಳೆಯ ಕಾಲದ್ದು, ಕಪಾಟಿನಲ್ಲಿ ಡಿಸ್ಕ್‌ಗಳು ಸಾಕಷ್ಟಿದ್ದವು. ಎರಡು ಅಗತ್ಯವನ್ನೂ ಒಂದೇ ರಿಮೋಟ್ ಪೂರೈಸಲಿ ಎಂಬುದು ಲೆಕ್ಕಾಚಾರ.

ಚಿತ್ರದ ಗುಣಮಟ್ಟದಿಂದ ಆರಂಭಿಸುತ್ತೇನೆ, ಏಕೆಂದರೆ ಸ್ಟ್ರೀಮಿಂಗ್ ಇರುವಾಗ ಡಿಸ್ಕ್ ಏಕೆ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ. ಎರಡು ಪದರದ ಡಿವಿಡಿಯಲ್ಲಿ ಹಿಡಿಸುವುದು 8.5 ಜಿಬಿ, ಎರಡು ಪದರದ ಬ್ಲೂ-ರೇಯಲ್ಲಿ 50 ಜಿಬಿ. ಡಿವಿಡಿಯ ವಿಡಿಯೊ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್ ವೇಗದಲ್ಲಿ ಹರಿದರೆ, ಬ್ಲೂ-ರೇಯದು 40 ಮೆಗಾಬಿಟ್‌ವರೆಗೆ ಹೋಗಬಹುದು. ಬ್ಲೂ-ರೇಯಲ್ಲಿರುವಂಥದೇ 1080ಪಿ (1920×1080 ಚುಕ್ಕೆಗಳ) ಚಿತ್ರವನ್ನು ಅಂತರಜಾಲದಲ್ಲಿ ನೋಡಲು ನೆಟ್‌ಫ್ಲಿಕ್ಸ್ ಶಿಫಾರಸು ಮಾಡುವ ವೇಗ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15. ಸ್ಟ್ರೀಮಿಂಗ್‌ನವರು ಹೊಸ ಸಂಕೋಚನ ವಿಧಾನಗಳನ್ನು ಬಳಸುತ್ತಾರೆ, ಆದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಿ ಎಂಟು ಪಟ್ಟು ಉತ್ತಮ ಎನ್ನುವುದು ಸರಿಯಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹಗಲಿನ ಬೆಳಕಿನಲ್ಲಿ ನಿಂತು ಇಬ್ಬರು ಮಾತನಾಡುವ ದೃಶ್ಯದಲ್ಲಿ ಅದನ್ನು ಹುಡುಕಬೇಡಿ. ಮಂಜು, ಹೊಗೆ, ಸುರಿಯುವ ಮಳೆ, ಕತ್ತಲ ಕೋಣೆಯ ಗೋಡೆ ಇವುಗಳಲ್ಲಿ ನೋಡಿ. ಸ್ಟ್ರೀಮಿಂಗ್‌ನಲ್ಲಿ ಕಪ್ಪಿನಿಂದ ಬೂದುಬಣ್ಣಕ್ಕೆ ಇಳಿಯುವ ಜಾಗ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ, ಮಳೆಯ ಹನಿಗಳು ಕಲಸಿಹೋಗುತ್ತವೆ. ಡಿಸ್ಕ್‌ನಲ್ಲಿ ಅವು ಹನಿಗಳಾಗಿಯೇ ಉಳಿಯುತ್ತವೆ.

ಕೊಳ್ಳುವವರಿಗೆ ಇಲ್ಲೊಂದು ಸಮಾಧಾನದ ಸಂಗತಿ ಇದೆ. ಬ್ಲೂ-ರೇ ಡಿಸ್ಕ್ ಹಾಕಿದಾಗ ಅಗ್ಗದ ಪ್ಲೇಯರ್‌ಗೂ ದುಬಾರಿ ಪ್ಲೇಯರ್‌ಗೂ ಚಿತ್ರದಲ್ಲಿ ಗುರುತಿಸುವಂಥ ಅಂತರ ಬಹಳ ಕಡಿಮೆ. ಡಿಸ್ಕ್‌ನಲ್ಲಿರುವ ಅಂಕಿಗಳನ್ನು ಬಿಡಿಸಿ ಎಚ್‌ಡಿಎಂಐ ತಂತಿಯಲ್ಲಿ ಕಳುಹಿಸುವುದಷ್ಟೇ ಅದರ ಕೆಲಸ. ಅಂತರ ಕಾಣುವುದು ಡಿವಿಡಿಯಲ್ಲಿ. 720×576 ಅಥವಾ 720×480 ಚುಕ್ಕೆಗಳ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವಾಗ ಯಾರ ಕೈಚಳಕ ಮೇಲು ಎಂಬುದು ತಿಳಿಯುತ್ತದೆ. ನಮ್ಮ ಪ್ಲೇಯರ್ ಈ ಕೆಲಸವನ್ನು ಪಾಸಾಗುವ ಮಟ್ಟಿಗೆ ಮಾಡುತ್ತದೆ, ಹೆಚ್ಚೇನಿಲ್ಲ. ಸೆಟ್ಟಿಂಗ್‌ನಲ್ಲಿ 24 ಫ್ರೇಮ್ ಔಟ್‌ಪುಟ್ ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ. ಅದನ್ನು ಟಿವಿಯ ಸೆಕೆಂಡಿಗೆ 60ರ ಲಯಕ್ಕೆ ಹೊಂದಿಸಲು ಹೋದರೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಎಂದು ಮೂಡಿ, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಚಿತ್ರ ಕುಂಟುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ‘4ಕೆ ಅಪ್‌ಸ್ಕೇಲಿಂಗ್’ ಎಂಬ ಮಾತಿಗೆ ಮರುಳಾಗಬೇಡಿ. ಅದರ ಅರ್ಥ, ಸಾಧಾರಣ ಚಿತ್ರವನ್ನು 4ಕೆ ಗಾತ್ರಕ್ಕೆ ಹಿಗ್ಗಿಸುತ್ತದೆ ಎಂದಷ್ಟೇ. 4ಕೆ ಟಿವಿಗಳು ಆ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ, ಅನೇಕ ಸಲ ಇನ್ನೂ ಚೆನ್ನಾಗಿ. ನಿಜವಾದ 4ಕೆ ಡಿಸ್ಕ್ ಎಂದರೆ 2016ರಿಂದ ಮಾರುಕಟ್ಟೆಗೆ ಬಂದ ಅಲ್ಟ್ರಾ ಎಚ್‌ಡಿ ಬ್ಲೂ-ರೇ. ಅದರ ಡಿಸ್ಕ್ 100 ಜಿಬಿವರೆಗೂ ಹಿಡಿಸುತ್ತದೆ, ಸಾಧಾರಣ ಬ್ಲೂ-ರೇ ಪ್ಲೇಯರ್ ಅದನ್ನು ಓದುವುದೇ ಇಲ್ಲ. ನಿಮಗೆ ಅದೇ ಬೇಕಿದ್ದರೆ ಪೆಟ್ಟಿಗೆಯ ಮೇಲೆ ‘ಅಲ್ಟ್ರಾ ಎಚ್‌ಡಿ ಬ್ಲೂ-ರೇ’ ಎಂಬ ಚಿಹ್ನೆ ಇದೆಯೇ ಎಂದು ನೋಡಿ, ಜೊತೆಗೆ ಟಿವಿಯ ಎಚ್‌ಡಿಎಂಐ ಪೋರ್ಟ್ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆಗೆ ಹೊಂದುತ್ತದೆಯೇ ಎಂದೂ ಖಚಿತಪಡಿಸಿಕೊಳ್ಳಿ.

ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದಂತೆ ತಡೆಯುವ ಪ್ರದೇಶ ಸಂಕೇತದ ಕಾಟ ಇನ್ನೊಂದು. ಡಿವಿಡಿಗಳಿಗೆ ಜಗತ್ತನ್ನು ಆರು ಭಾಗ ಮಾಡಿದ್ದಾರೆ. ಬ್ಲೂ-ರೇಗಳಿಗೆ ಎ, ಬಿ, ಸಿ ಎಂದು ಮೂರು. ಅಮೆರಿಕ, ಜಪಾನ್ ಎ ವಲಯದಲ್ಲಿವೆ. ಯುರೋಪ್, ಆಸ್ಟ್ರೇಲಿಯ ಬಿ ವಲಯದಲ್ಲಿ. ಭಾರತ, ಚೀನಾ, ರಷ್ಯಾ ಸಿ ವಲಯದಲ್ಲಿ. ಹೊರದೇಶದಿಂದ ಯಾರೋ ಪ್ರೀತಿಯಿಂದ ತಂದುಕೊಟ್ಟ ಡಿಸ್ಕ್ ನಮ್ಮ ಪ್ಲೇಯರ್‌ನಲ್ಲಿ ಓಡಲಿಲ್ಲ, ಪರದೆಯ ಮೇಲೆ ಒಂದು ಸಾಲಿನ ಸಂದೇಶ ಬಂದು ಕೆಲಸ ಮುಗಿಯಿತು. ಎಲ್ಲ ಬ್ಲೂ-ರೇಗಳಿಗೂ ಈ ಬೀಗ ಇರುವುದಿಲ್ಲ, ಮೂರೂ ಅಕ್ಷರ ಅಚ್ಚಾಗಿದ್ದರೆ ಎಲ್ಲೆಡೆ ಓಡುತ್ತದೆ. 4ಕೆ ಡಿಸ್ಕ್‌ಗಳಿಗಂತೂ ಪ್ರದೇಶ ಸಂಕೇತವೇ ಇಲ್ಲ. ಯಾರಿಗೋ ಕೊನೆಗೂ ಬುದ್ಧಿ ಬಂದಿರಬೇಕು.

ಧ್ವನಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟಿವಿಯ ಸ್ವಂತ ಸ್ಪೀಕರ್‌ಗಳಲ್ಲಿ ಕೇಳುವವರು ಧ್ವನಿಯ ಔಟ್‌ಪುಟ್ ಅನ್ನು ಪಿಸಿಎಂಗೆ (ಪ್ಲೇಯರೇ ಧ್ವನಿಯನ್ನು ಬಿಡಿಸಿ ಕಳುಹಿಸುವ ಆಯ್ಕೆ) ಇಡಿ, ರಾತ್ರಿಯ ಮೋಡ್ ಇದ್ದರೆ ಆನ್ ಮಾಡಿ. ಸಂಭಾಷಣೆ ಪಿಸುಮಾತಾಗಿ, ಸ್ಫೋಟದ ಸದ್ದು ಮನೆಯನ್ನೇ ಎಬ್ಬಿಸುವ ತೊಂದರೆ ತಗ್ಗುತ್ತದೆ. ಆಂಪ್ಲಿಫೈಯರ್ ಇರುವವರು ಬಿಟ್‌ಸ್ಟ್ರೀಮ್‌ಗೆ (ಬಿಡಿಸುವ ಕೆಲಸವನ್ನು ಆಂಪ್ಲಿಫೈಯರ್‌ಗೇ ಬಿಡುವ ಆಯ್ಕೆ) ಇಡಿ, ಜೊತೆಗೆ ಮೆನುವಿನ ಸದ್ದು ಮುಂತಾದವನ್ನು ಚಿತ್ರದ ಧ್ವನಿಗೆ ಬೆರೆಸುವ ‘ಬಿಡಿ (ಬ್ಲೂ-ರೇ ಡಿಸ್ಕ್) ಆಡಿಯೊ ಮಿಕ್ಸ್’ ಎಂಬುದನ್ನು ಆಫ್ ಮಾಡಿ. ಡಾಲ್ಬಿ ಟ್ರೂಎಚ್‌ಡಿಯಂಥ ನಷ್ಟವಿಲ್ಲದ ಧ್ವನಿ ಎಚ್‌ಡಿಎಂಐಯಲ್ಲಿ ಮಾತ್ರ ಹೋಗುತ್ತದೆ, ಆಪ್ಟಿಕಲ್ ತಂತಿಯಲ್ಲಿ ಹೋಗುವುದಿಲ್ಲ.

ಇನ್ನು ಸ್ಟ್ರೀಮಿಂಗ್. ಆರಂಭದಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬಂತು. ಟಿವಿಯಲ್ಲಿ ಇಲ್ಲದ ಆ್ಯಪ್‌ಗಳು ಇಲ್ಲಿದ್ದವು, ರಿಮೋಟ್‌ನಲ್ಲೇ ಒಂದು ಸೇವೆಗೆ ಪ್ರತ್ಯೇಕ ಗುಂಡಿಯೂ ಇತ್ತು. ಆದರೆ ಮುಖಪುಟದ ತುಂಬ ಐಕಾನ್‌ಗಳು, ಒಳಗೆ ಅವುಗಳನ್ನು ಓಡಿಸಲು ಬೇಕಾದ ಮೆಮೊರಿ ಇಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಂತೆ. ಕಾಲ ಕಳೆದಂತೆ ಆ್ಯಪ್‌ಗಳು ಭಾರವಾದವು, ಪ್ರೊಸೆಸರ್ ಅದೇ ಉಳಿಯಿತು. ಹುಡುಕಾಟದ ಪುಟದಲ್ಲಿ ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ ಮುಂದಿನ ಅಕ್ಷರ ಮರೆತುಹೋಗುವ ಸ್ಥಿತಿ. ಒಂದು ಅಪ್‌ಡೇಟ್ ಬಂದ ಮೇಲೆ ನಾವು ಹೆಚ್ಚು ನೋಡುತ್ತಿದ್ದ ಸೇವೆಯ ಐಕಾನ್ ಮುಖಪುಟದಿಂದಲೇ ಮಾಯವಾಯಿತು. ಗ್ರಾಹಕ ಸೇವೆಯವರು ‘ಈ ಮಾದರಿಗೆ ಬೆಂಬಲ ಮುಗಿದಿದೆ’ ಎಂದರು. ಹೊಸ ಸೇವೆಗಳನ್ನು ನಾವಾಗಿಯೇ ಸೇರಿಸಿಕೊಳ್ಳೋಣವೆಂದರೆ ಅದಕ್ಕೆ ಆ್ಯಪ್ ಅಂಗಡಿಯೇ ಇಲ್ಲ. ಕಾರ್ಖಾನೆಯಲ್ಲಿ ಕೊಟ್ಟಷ್ಟೇ ಪ್ರಾಪ್ತಿ.

ಇದು ನಮ್ಮ ಪ್ಲೇಯರ್‌ನ ಹಣೆಬರಹ ಮಾತ್ರವಲ್ಲ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ದತ್ತಾಂಶ ವ್ಯವಸ್ಥೆಯನ್ನು ನಿಲ್ಲಿಸಿದಾಗ 2012 ಮತ್ತು ಅದಕ್ಕೂ ಹಿಂದಿನ ಅನೇಕ ಟಿವಿ, ಬ್ಲೂ-ರೇ ಪ್ಲೇಯರ್‌ಗಳಲ್ಲಿ ಅದರ ಆ್ಯಪ್ ಕಣ್ಮುಚ್ಚಿತು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಟಿವಿಗಳಿಗೂ ರೋಕು ಎಂಬ ಸ್ಟ್ರೀಮಿಂಗ್ ಪೆಟ್ಟಿಗೆಗಳಿಗೂ ಬೆಂಬಲ ನಿಲ್ಲಿಸಿತು. 2020ರ ಜೂನ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ: ಅಂತರಜಾಲಕ್ಕೆ ಜೋಡಿಸಿದ್ದ ಸ್ಯಾಮ್‌ಸಂಗ್‌ನ ಹಲವು ಬ್ಲೂ-ರೇ ಪ್ಲೇಯರ್‌ಗಳು ಆನ್ ಆಗುವುದು, ಆಫ್ ಆಗುವುದು, ಮತ್ತೆ ಆನ್ ಆಗುವುದು ಎಂಬ ಚಕ್ರಕ್ಕೆ ಸಿಕ್ಕಿಕೊಂಡವು. ಡಿಸ್ಕ್ ಓದುವ ಭಾಗ ಸರಿಯಾಗಿದ್ದರೂ ಜಾಲದಿಂದ ಬಂದ ಒಂದು ಸಣ್ಣ ಕಡತ ಇಡೀ ಯಂತ್ರವನ್ನು ನಿಷ್ಪ್ರಯೋಜಕ ಮಾಡಿತು, ದುರಸ್ತಿಗೆ ಪ್ಲೇಯರನ್ನೇ ಕಳುಹಿಸಬೇಕಾಯಿತು. ಆ ಸುದ್ದಿ ನೆನಪಿದ್ದುದರಿಂದ, ನಮ್ಮ ಪ್ಲೇಯರ್‌ನ ಆ್ಯಪ್‌ಗಳು ಕೆಲಸಕ್ಕೆ ಬಾರದಂತಾದ ದಿನವೇ ಅದರ ಜಾಲ ಸಂಪರ್ಕವನ್ನು ತೆಗೆದುಹಾಕಿದೆ. ಹೊಸ ಡಿಸ್ಕ್ ಯಾವುದಾದರೂ ಓದದೆ ಮೊಂಡುತನ ಮಾಡಿದರೆ ಮಾತ್ರ, ಫರ್ಮ್‌ವೇರ್ (ಪ್ಲೇಯರ್‌ನ ಒಳಗಿನ ತಂತ್ರಾಂಶ) ಅಪ್‌ಡೇಟ್‌ಗಾಗಿ ಲ್ಯಾನ್ ತಂತಿ ಚುಚ್ಚುತ್ತೇನೆ. ಬ್ಲೂ-ರೇಗಳ ರಕ್ಷಣಾ ಕೀಲಿಗಳು ಆಗಾಗ ಬದಲಾಗುವುದರಿಂದ ಈ ಅಪ್‌ಡೇಟ್ ಅಗತ್ಯವಾಗುತ್ತದೆ.

ವೈ-ಫೈ ಬಗ್ಗೆಯೂ ಒಂದು ಮಾತು. ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ ಇರುತ್ತದೆ. ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಅಲ್ಲೇ ಕಿಕ್ಕಿರಿದಿರುತ್ತವೆ. ‘ವೈ-ಫೈ ರೆಡಿ’ ಎಂದು ಬರೆದಿದ್ದರೆ ವೈ-ಫೈ ಒಳಗಿಲ್ಲ, ಬೇರೆ ಡಾಂಗಲ್ ಕೊಳ್ಳಬೇಕು ಎಂದರ್ಥ.

ಈಗ ಸ್ಟ್ರೀಮಿಂಗ್‌ಗೆ ಟಿವಿಯ ಇನ್ನೊಂದು ಎಚ್‌ಡಿಎಂಐ ಪೋರ್ಟ್‌ನಲ್ಲಿ ಬೆರಳುದ್ದದ ಸ್ಟಿಕ್ ಇದೆ. ಅದಕ್ಕೂ ಒಂದು ದಿನ ಮುಪ್ಪು ಬರುತ್ತದೆ, ಆದರೆ ಬಂದಾಗ ಅದೊಂದನ್ನೇ ಬದಲಿಸಿದರಾಯಿತು. ಸ್ಟಿಕ್ ಕೊಳ್ಳುವಾಗ ವೈಡ್‌ವೈನ್ ಎಲ್1 (ನಕಲು ತಡೆಯುವ ವ್ಯವಸ್ಥೆಯ ಅತ್ಯುನ್ನತ ಮಟ್ಟ) ಪ್ರಮಾಣೀಕರಣ ಇದೆಯೇ ಎಂದು ವಿಚಾರಿಸಿ. ಅದಿಲ್ಲದ, ಹೆಸರೇ ಕೇಳಿರದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಪ್ರಮುಖ ಸೇವೆಗಳು ಡಿವಿಡಿ ಮಟ್ಟದ ಚಿತ್ರವನ್ನಷ್ಟೇ ಕೊಡುತ್ತವೆ, ಪೆಟ್ಟಿಗೆಯ ಮೇಲೆ 8ಕೆ ಎಂದು ಬರೆದಿದ್ದರೂ ಅಷ್ಟೇ.

ದಿನನಿತ್ಯದ ಬಳಕೆಯ ಕಿರಿಕಿರಿಗಳೂ ಇವೆ. ಡಿವಿಡಿ ಬೇಗ ಶುರುವಾಗುತ್ತದೆ. ಬ್ಲೂ-ರೇ ಮಾತ್ರ ಮೆನು ತೆರೆಯಲು ಸತಾಯಿಸುತ್ತದೆ. ಅನೇಕ ಡಿಸ್ಕ್‌ಗಳ ಮೆನು ಒಂದು ಜಾವಾ ಪ್ರೋಗ್ರಾಂ ಆಗಿರುವುದರಿಂದ ದುರ್ಬಲ ಪ್ರೊಸೆಸರ್ ಅಲ್ಲಿಯೂ ಏದುಸಿರು ಬಿಡುತ್ತದೆ. ಅಂಥ ಡಿಸ್ಕ್‌ಗಳನ್ನು ನಡುವೆ ನಿಲ್ಲಿಸಿದರೆ ಬಹುತೇಕ ಮತ್ತೆ ಮೊದಲಿನಿಂದಲೇ ಆರಂಭ, ಎಚ್ಚರಿಕೆಯ ಸೂಚನೆಗಳ ಸಮೇತ. ಡ್ರೈವ್‌ನ ಸದ್ದು ಡಿಸ್ಕ್ ಹಾಕಿದ ಕೂಡಲೇ ಕೇಳಿಸುತ್ತದೆ, ಚಿತ್ರ ಶುರುವಾದ ಮೇಲೆ ಅಡಗುತ್ತದೆ.

ಎಚ್‌ಡಿಎಂಐ-ಸಿಇಸಿ ಎಂಬ ಸೌಲಭ್ಯವನ್ನು ಮನಸಾರೆ ಹೊಗಳುತ್ತೇನೆ. ಟಿವಿ ಕಂಪನಿಗಳು ಇದನ್ನು ಬ್ರಾವಿಯಾ ಸಿಂಕ್, ಎನಿನೆಟ್‌ಪ್ಲಸ್, ಸಿಂಪ್‌ಲಿಂಕ್ ಎಂದು ತಮಗೆ ತೋಚಿದ ಹೆಸರಿನಿಂದ ಕರೆಯುತ್ತವೆ. ಇದನ್ನು ಆನ್ ಮಾಡಿದರೆ ಡಿಸ್ಕ್ ಹಾಕಿದ ತಕ್ಷಣ ಟಿವಿ ತಾನಾಗಿಯೇ ಆ ಇನ್‌ಪುಟ್‌ಗೆ ಬರುತ್ತದೆ, ಟಿವಿಯ ರಿಮೋಟ್‌ನ ಬಾಣದ ಗುಂಡಿಗಳೇ ಪ್ಲೇಯರನ್ನೂ ನಡೆಸುತ್ತವೆ. ‘ಯಾವ ರಿಮೋಟ್ ಒತ್ತಬೇಕಪ್ಪಾ?’ ಎಂದು ಅಮ್ಮ ಕೇಳುವುದು ಅಂದಿನಿಂದ ನಿಂತಿದೆ.

ಯುಎಸ್‌ಬಿಯಲ್ಲಿ ಸಿನಿಮಾ ನೋಡುವ ಆಸೆಯಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಪ್ರತ್ಯೇಕ ಕಡತದಲ್ಲಿರುವ ಕನ್ನಡ ಸಬ್‌ಟೈಟಲ್ ನಮ್ಮ ಪ್ಲೇಯರ್‌ನಲ್ಲಿ ಬರಿಯ ಚೌಕಗಳಾಗಿ ಮೂಡುತ್ತದೆ, ಏಕೆಂದರೆ ಅದರಲ್ಲಿ ಕನ್ನಡದ ಫಾಂಟ್ ಇಲ್ಲ. ಡಿವಿಡಿ, ಬ್ಲೂ-ರೇಗಳಲ್ಲಿ ಈ ಸಮಸ್ಯೆಯೇ ಬರುವುದಿಲ್ಲ: ಅಲ್ಲಿ ಸಬ್‌ಟೈಟಲ್ ಅಕ್ಷರಗಳಾಗಿ ಅಲ್ಲ, ಚಿತ್ರಗಳಾಗಿ ಇರುತ್ತದೆ, ಆದ್ದರಿಂದ ಯಾವ ಲಿಪಿಯಾದರೂ ಒತ್ತಕ್ಷರ ಕೆಡದೆ ಕಾಣುತ್ತದೆ. ಇನ್ನು ಎಚ್.265 ಎಂಬ ಹೊಸ ಸಂಕೋಚನ ವಿಧಾನದ ವಿಡಿಯೊಗಳನ್ನು ಇದು ಓದುವುದಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ 4 ಜಿಬಿ ಮೀರಿದ ಕಡತ ಅದರಲ್ಲಿ ಕೂರುವುದೇ ಇಲ್ಲ.

ನಿರ್ವಹಣೆ ಸುಲಭ. ಬ್ಲೂ-ರೇಯ ದತ್ತಾಂಶ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ. ಡಿವಿಡಿಯಲ್ಲಿ ಅದು 0.6. ಗಟ್ಟಿ ಲೇಪನ ಇರುವುದರಿಂದ ಬ್ಲೂ-ರೇ ಸುಲಭವಾಗಿ ಗೀರುವುದಿಲ್ಲ, ಆದರೆ ಬೆರಳಚ್ಚನ್ನು ಸಹಿಸುವುದಿಲ್ಲ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ.

ಯೋಚಿಸುತ್ತ ಬಹಳ ಕಾಲ ಕಳೆಯುವಂತಿಲ್ಲ ಎಂಬುದೂ ನಿಜ. ಒಪ್ಪೊ 2018ರಲ್ಲಿ ಪ್ಲೇಯರ್ ತಯಾರಿಕೆಯಿಂದ ಹಿಂದೆ ಸರಿಯಿತು, ಸ್ಯಾಮ್‌ಸಂಗ್ 2019ರಲ್ಲಿ, ಎಲ್‌ಜಿ 2024ರಲ್ಲಿ. ಉಳಿದ ದೊಡ್ಡ ಹೆಸರುಗಳೆಂದರೆ ಮುಖ್ಯವಾಗಿ ಸೋನಿ ಮತ್ತು ಪ್ಯಾನಾಸಾನಿಕ್. ಬಳಸಿದ ಗೇಮ್ ಕನ್ಸೋಲ್ ಕೂಡ ಒಳ್ಳೆಯ ದಾರಿ: ಎಕ್ಸ್‌ಬಾಕ್ಸ್ ಒನ್ ಎಸ್ 4ಕೆ ಡಿಸ್ಕ್‌ಗಳನ್ನೂ ಓದುತ್ತದೆ, ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಕೂಡ. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ಆಡಿಯೊ ಸಿಡಿ ಮಾತ್ರ ಓಡುವುದಿಲ್ಲ. ಹಾಡಿನ ಸಿಡಿಗಳ ರಾಶಿ ಇರುವವರು ಇದನ್ನು ನೆನಪಿಡಿ.

ಹಾಗಾಗಿ, ಸ್ಮಾರ್ಟ್ ಟಿವಿ ಇರುವವರು ಸ್ಟ್ರೀಮಿಂಗ್ ಇಲ್ಲದ ಪ್ಲೇಯರ್ ಆರಿಸಿ, ಉಳಿದ ಹಣವನ್ನು ಡಿಸ್ಕ್‌ಗಳಿಗೆ ಹಾಕಿ. ಆ್ಯಪ್ ಇಲ್ಲದ ಟಿವಿಯವರೂ ಪ್ಲೇಯರ್ ಮತ್ತು ಸ್ಟಿಕ್ ಎರಡನ್ನು ಬೇರೆಯಾಗಿ ಕೊಂಡರೆ ಒಟ್ಟು ಎಷ್ಟಾಗುತ್ತದೆ ಎಂದು ಕೂಡಿಸಿ ನೋಡಿ, ನಂತರ ಎರಡೂ ಒಂದರಲ್ಲೇ ಇರುವುದರ ಬೆಲೆ ಕೇಳಿ. ಕೊಂಡದ್ದು ಯಾವುದೇ ಇರಲಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ನಿಮ್ಮಲ್ಲಿರುವ ಅತಿ ಹಳೆಯ ಡಿವಿಡಿ, ಸ್ವಲ್ಪ ಗೀರು ಬಿದ್ದ ಒಂದು ಡಿಸ್ಕ್ ಮತ್ತು ಒಂದು ದೀರ್ಘ ಬ್ಲೂ-ರೇ ಈ ಮೂರನ್ನು ಕೊನೆಯವರೆಗೂ ಓಡಿಸಿ. ಲೇಸರ್ ಮೊದಲ ಪದರದಿಂದ ಎರಡನೆಯ ಪದರಕ್ಕೆ ಹೊರಳುವಾಗ ಕ್ಷಣಮಾತ್ರದ ತಡೆ ಸಹಜ. ಚಿತ್ರ ಅಲ್ಲೇ ನಿಂತುಬಿಟ್ಟರೆ ಬಿಲ್ ಹಿಡಿದು ಅಂಗಡಿಗೆ ನಡೆಯಿರಿ.