ಹಳೆಯ ಕಾರಿಗೆ ಎಲೆಕ್ಟ್ರಿಕ್ ಫ್ಯೂಯಲ್ ಪಂಪ್: ಕೆಲವು ವರ್ಷ ಓಡಿಸಿದ ಮೇಲೆ

ನನ್ನದು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಹಳೆಯ ಪೆಟ್ರೋಲ್ ಕಾರು. ಟ್ಯಾಂಕಿನಿಂದ ಪೆಟ್ರೋಲ್ ತರುವ ಅದರ ಮೆಕ್ಯಾನಿಕಲ್ ಪಂಪ್ ತೆಗೆದು, ಟಕಟಕ ಸದ್ದು ಮಾಡುವ ಸಣ್ಣ 12 ವೋಲ್ಟ್ ಪಂಪ್ ಹಾಕಿ ಕೆಲವು ವರ್ಷಗಳಾದವು. ಹಾಕಿದ ವಾರದಲ್ಲೇ ಬರೆದಿದ್ದರೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಈಗ ನಾಲ್ಕು ಕೊಡುತ್ತೇನೆ.

ಬದಲಾಯಿಸಿದ್ದು ಬಿಸಿಯ ಕಾಟಕ್ಕೆ. ಮೆಕ್ಯಾನಿಕಲ್ ಪಂಪನ್ನು ನಡೆಸುವುದು ಎಂಜಿನ್‌ನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಎಂಬ ದಂಡ, ಹಾಗಾಗಿ ಅದು ಎಂಜಿನ್ ಮೈಗೇ ಅಂಟಿಕೊಂಡಿರುತ್ತದೆ. ಟ್ರಾಫಿಕ್‌ನಲ್ಲಿ ನಿಂತು ಎಂಜಿನ್ ಕಾದರೆ ಪಂಪು, ಪೈಪಿನೊಳಗೇ ಪೆಟ್ರೋಲ್ ಆವಿಯಾಗುತ್ತದೆ. ಆವಿಯನ್ನು ಪಂಪು ಎಷ್ಟು ಎಳೆದರೂ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ತಲುಪುವುದಿಲ್ಲ. ಇದೇ ವೇಪರ್ ಲಾಕ್. ಬಾನೆಟ್ ಎತ್ತಿ, ತಣ್ಣಗಾಗಲಿ ಎಂದು ಕಾಯಬೇಕು. ಜೊತೆಗೆ ನನ್ನ ಪಂಪಿನ ಡಯಾಫ್ರಮ್ (ಪೆಟ್ರೋಲ್ ಎಳೆದು ತಳ್ಳುವ ತೆಳು ಪೊರೆ) ಕೂಡ ಗಟ್ಟಿಯಾಗಿತ್ತು. ಅದು ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ, ಪೆಟ್ರೋಲ್ ವಾಸನೆ ಬಂದರೆ ಆ ಗಾಡಿ ಓಡಿಸಲೇಬೇಡಿ.

ಪಂಪ್ ಕೊಳ್ಳುವಾಗ ನೋಡಬೇಕಾದದ್ದು ಒತ್ತಡ. ಸಾಮಾನ್ಯ ಕಾರ್ಬ್ಯುರೇಟರ್‌ಗೆ 3ರಿಂದ 5 ಪಿಎಸ್ಐ (ಒತ್ತಡದ ಅಳತೆ, ಚದರ ಇಂಚಿಗೆ ಪೌಂಡ್) ಸಾಕು, ಕೆಲವಕ್ಕೆ ಅದಕ್ಕಿಂತಲೂ ಕಡಿಮೆ. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್ ಕಾರಿನ ಪಂಪ್ ಸಾಮಾನ್ಯವಾಗಿ 40 ಪಿಎಸ್ಐ ದಾಟುತ್ತದೆ. ಸಿಕ್ಕಿತೆಂದು ಅದನ್ನೇ ಹಾಕಿದರೆ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲ್‌ನ ಸೂಜಿ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ?

ಇನ್ನು ಜಾಗ. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿಗರು, ಎಳೆಯುವುದರಲ್ಲಿ ಸೋಮಾರಿಗಳು. ಅದಕ್ಕೇ ನನ್ನದು ಹಿಂದೆ ಟ್ಯಾಂಕ್ ಪಕ್ಕ, ಆದಷ್ಟು ತಗ್ಗಿನಲ್ಲಿ, ಸೈಲೆನ್ಸರ್‌ನಿಂದ ದೂರ ಕೂತಿದೆ. ಈಗ ಪೈಪಿನುದ್ದಕ್ಕೂ ಪೆಟ್ರೋಲ್ ಒತ್ತಡದಲ್ಲೇ ಇರುವುದರಿಂದ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಅಂದಿನಿಂದ ವೇಪರ್ ಲಾಕ್ ಆಗಿ ಗಾಡಿ ನಿಂತಿಲ್ಲ. ಪಂಪಿಗೆ ಮೊದಲು ಒಂದು ಫಿಲ್ಟರ್ ಇರಲೇಬೇಕು. ಹಳೆಯ ಟ್ಯಾಂಕಿನ ತುಕ್ಕಿನ ಪುಡಿ ಒಳಗೆ ಸೇರಿದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಹಳೆ ಪಂಪಿದ್ದ ತೂತಿಗೆ ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಮುಚ್ಚಬೇಕು, ಇಲ್ಲದಿದ್ದರೆ ಆಯಿಲ್ ಚೆಲ್ಲುತ್ತದೆ.

ವೈರಿಂಗ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಗಳಗಂಟ. ಕೀ ವೈರಿನಿಂದ ಪಂಪಿಗೆ ನೇರ ಒಂದು ಎಳೆ ಎಳೆದು 'ಆಯ್ತು' ಅನ್ನುವವರು ಜಾಸ್ತಿ. ಕೆಲಸ ಮಾಡುತ್ತದೆ, ನಿಜ. ಆದರೆ ಅಪಘಾತವಾಗಿ ಎಂಜಿನ್ ನಿಂತರೂ ಕೀ ಆನ್ ಇದ್ದಷ್ಟು ಹೊತ್ತು ಪಂಪು ತಳ್ಳುತ್ತಲೇ ಇರುತ್ತದೆ. ಪೈಪ್ ಒಡೆದಿದ್ದರೆ? ಮೆಕ್ಯಾನಿಕಲ್ ಪಂಪಿಗೆ ಈ ಭಯವೇ ಇರಲಿಲ್ಲ, ಎಂಜಿನ್ ನಿಂತರೆ ಅದೂ ನಿಲ್ಲುತ್ತಿತ್ತು. ಆ ಗುಣವನ್ನು ನಾವೇ ವಾಪಸ್ ತರಬೇಕು. ನನ್ನ ಕಾರಿನಲ್ಲಿ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್), ಜೊತೆಗೆ ಆಯಿಲ್ ಪ್ರೆಶರ್ ಸ್ವಿಚ್ ಇದೆ. ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಕಡೆಯಿಂದ ಪಂಪಿಗೆ ಕರೆಂಟ್ ಬರುತ್ತದೆ. ಆಮೇಲೆ ಎಂಜಿನ್ ಓಡುತ್ತಿದ್ದು ಆಯಿಲ್ ಒತ್ತಡ ಇದ್ದರೆ ಮಾತ್ರ ಪಂಪು ಓಡುತ್ತದೆ. ಇದು ಕಷ್ಟವೆನಿಸಿದರೆ, ಗುದ್ದಿದಾಗ ತಾನೇ ಕಟ್ ಆಗುವ ಇನರ್ಶಿಯಾ ಸ್ವಿಚ್ ಆದರೂ ಹಾಕಿಸಿ.

ದಿನನಿತ್ಯದ ಅನುಭವ ಚೆನ್ನಾಗಿದೆ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿದರೆ ಫ್ಲೋಟ್ ಬೌಲ್ ಒಣಗಿರುತ್ತದೆ. ಮೊದಲು ಬ್ಯಾಟರಿ ಸುಸ್ತಾಗುವ ತನಕ ಸೆಲ್ಫ್ ಹೊಡೆಯಬೇಕಿತ್ತು, ಈಗ ಬೇಗ ಎದ್ದೇಳುತ್ತದೆ. ಮೈಲೇಜ್? ಒಂದಿಷ್ಟೂ ಬದಲಾಗಿಲ್ಲ. ಪವರ್ ಕೂಡ ಅಷ್ಟೇ. ಹೆಚ್ಚುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ.

ಕಾಲ ಕಳೆದಂತೆ ಬಂದ ತೊಂದರೆಗಳು ಪಂಪಿನವಲ್ಲ, ಅದರ ಸುತ್ತಮುತ್ತಲಿನವು. ಒಂದು ಮಳೆಗಾಲದ ನಂತರ ಎಂಜಿನ್ ಎಳೆಯದೆ ಮುಗ್ಗರಿಸತೊಡಗಿತು. ಪಂಪು ಓಡುತ್ತಿರುವಾಗಲೇ ಅದರ ತುದಿಯಲ್ಲಿ ವೋಲ್ಟೇಜ್ ಅಳೆದರೆ ಬ್ಯಾಟರಿಗಿಂತ ಎಷ್ಟೋ ಕಡಿಮೆ. ಅರ್ತ್ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಉಜ್ಜಿ, ಗ್ರೀಸ್ ಹಚ್ಚಿದ ಮೇಲೆ ಸರಿಹೋಯಿತು. ರಬ್ಬರ್ ಬುಷ್ ಸವೆದಾಗ ಸದ್ದು ಬಾಡಿಗೆ ಹತ್ತಿ ಕ್ಯಾಬಿನ್ ತುಂಬಾ ಕೇಳುತ್ತಿತ್ತು. ಹೊಸ ಬುಷ್ ಹಾಕಿದೆ, ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಎಂಜಿನ್ ಐಡಲ್‌ನಲ್ಲಿದ್ದಾಗ ಈಗಲೂ ಕೇಳಿಸುತ್ತದೆ. ಕಳೆದ ಒಂದು ಸ್ಟಾರ್‌ನಲ್ಲಿ ಅರ್ಧ ಈ ಸದ್ದಿಗೆ. ಉಳಿದರ್ಧ, ಈ ಪಂಪು ಕೆಟ್ಟರೆ ಮುನ್ಸೂಚನೆ ಕೊಡದೆ ಒಮ್ಮೆಲೇ ನಿಲ್ಲಬಹುದು ಎಂಬುದಕ್ಕೆ. ಡಿಕ್ಕಿಯಲ್ಲಿ ಒಂದು ರಿಲೇ, ಫ್ಯೂಸ್ ಸದಾ ಇಟ್ಟಿರುತ್ತೇನೆ.

ನಿಮ್ಮ ಮೆಕ್ಯಾನಿಕಲ್ ಪಂಪಿಗೆ ರಿಪೇರಿ ಕಿಟ್ ಸಿಗುತ್ತಿದ್ದು, ಬಿಸಿಗೆ ಗಾಡಿ ನಿಲ್ಲುತ್ತಿಲ್ಲವಾದರೆ ಇದರ ಗೋಜಿಗೆ ಹೋಗಬೇಡಿ. ಡಯಾಫ್ರಮ್ ಬದಲಾಯಿಸಿ, ಹಳೆಯ ರಬ್ಬರ್ ಹೋಸ್‌ಗಳನ್ನು ಹೊಸದು ಮಾಡಿಸಿ, ಓಡಿಸಿ.