ಮ್ಯಾಂಟಿಸ್ ಬಗ್ ಟ್ರ್ಯಾಕರ್: ಅಡಿಕೆ ಮಂಡಿ ಸಾಫ್ಟ್‌ವೇರ್‌ಗೆ ಮೂರು ವರ್ಷ ಬಳಸಿದ ಮೇಲೆ

ಶಿವಮೊಗ್ಗದಲ್ಲಿ ನಾವು ಮೂವರು ಸೇರಿ ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೊದಲು ದೂರುಗಳೆಲ್ಲ ವಾಟ್ಸಾಪ್‌ಗೆ ಬಂದು ಅಲ್ಲೇ ಕಳೆದುಹೋಗುತ್ತಿದ್ದವು. ಮೂರು ವರ್ಷದಿಂದ ಮ್ಯಾಂಟಿಸ್‌ನಲ್ಲಿ, ಅಂದರೆ ಸಾಫ್ಟ್‌ವೇರ್ ದೋಷಗಳನ್ನು ಬರೆದಿಟ್ಟು ಹಿಂಬಾಲಿಸುವ ವೆಬ್ ತಂತ್ರಾಂಶದಲ್ಲಿ, ದಾಖಲಿಸುತ್ತಿದ್ದೇವೆ. ದುಡ್ಡು ಕೊಡಬೇಕಿಲ್ಲ, ಓಪನ್ ಸೋರ್ಸ್, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದವರು ಒಂದು ಮಧ್ಯಾಹ್ನದಲ್ಲಿ ಹಾಕಿಕೊಳ್ಳಬಹುದು.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಗುಮಾಸ್ತರೊಬ್ಬರ ಫೋನ್ ಬಂತು. "ರಾಶಿ ಅಡಿಕೆ ಬಿಲ್ಲಲ್ಲಿ ಚೀಲದ ತೂಕ ಎರಡು ಸಲ ಕಳೀತಿದೆ ಮಾರಾಯ್ರೆ, ಬೆಳೆಗಾರರಿಗೆ ಏನು ಹೇಳ್ಲಿ?" ಸರಿಮಾಡಿ 'ರಿಸಾಲ್ವ್ಡ್' ಹಾಕಿದೆವು. ನಾಲ್ಕು ದಿನಕ್ಕೆ ಮತ್ತೆ ಬಂತು. ಮುಚ್ಚಿದೆವು, ಮತ್ತೆ ತೆರೆಯಬೇಕಾಯಿತು. ಆಗ ಅದರ ಹಿಸ್ಟರಿ ಬಿಚ್ಚಿ ಕೂತೆ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಏನು ಬದಲಿಸಿದರೆಂದು ಸಾಲುಸಾಲಾಗಿ ಇರುತ್ತದೆ. ಎಷ್ಟು ಸಲ ಮರುಕಳಿಸುತ್ತದೆ ಎಂಬಲ್ಲಿ 'ಸಮ್‌ಟೈಮ್ಸ್' ಎಂದಿತ್ತು. ದೋಷ ಬಂದ ಮೂರು ದಿನಾಂಕಗಳನ್ನೂ ಗುಮಾಸ್ತರಿಗೆ ಓದಿ ಹೇಳಿದೆ. ಮೂರೂ ದಿನ ಅಲ್ಲಿ ಕರೆಂಟು ಹೋಗಿ ಬಂದಿತ್ತಂತೆ. ನಮ್ಮ ಆಫೀಸಿನಲ್ಲಿ ಯುಪಿಎಸ್ ಇದೆ, ಬಿಲ್ ಅರ್ಧಕ್ಕೆ ನಿಲ್ಲುವ ಪ್ರಸಂಗವೇ ಬಂದಿರಲಿಲ್ಲ. ಪ್ಲಗ್ ಕಿತ್ತು ನೋಡಿದೆ: ಅರ್ಧಕ್ಕೆ ನಿಂತ ಬಿಲ್ ತೆರೆದರೆ, ಚೀಲ ಕಳೆದ ತೂಕದಿಂದಲೇ ಇನ್ನೊಮ್ಮೆ ಚೀಲ ಕಳೆಯುತ್ತಿತ್ತು. ಈಗ ಪ್ರತಿ ಬಿಡುಗಡೆಗೆ ಮುಂಚೆ ಪ್ಲಗ್ ಕೀಳುತ್ತೇವೆ.

ಕಸ್ಟಮ್ ಫೀಲ್ಡ್ ಸೌಲಭ್ಯ, ಅಂದರೆ ನಮಗೆ ಬೇಕಾದ ಅಂಕಣವನ್ನು ನಾವೇ ಸೇರಿಸಿಕೊಳ್ಳುವುದು, ನನಗೆ ಬಹಳ ಇಷ್ಟ. 'ಎಲ್ಲಿ ಸಿಕ್ಕಿತು' ಅಂತ ಒಂದು ಸೇರಿಸಿದೆವು: ನಮ್ಮ ಟೆಸ್ಟಿಂಗ್‌ನಲ್ಲೋ, ಮಂಡಿಯಲ್ಲೋ. ಹೋದ ಸೀಸನ್ನಿನ 40 ದೋಷಗಳಲ್ಲಿ 28 ನಮ್ಮ ಕೈಗೆ ಸಿಕ್ಕಿದ್ದವು, ಅಂದರೆ ಶೇ. 70. ಡಿಫೆಕ್ಟ್ ರಿಮೂವಲ್ ಎಫಿಶಿಯೆನ್ಸಿ ಅನ್ನುವುದು ಇದಕ್ಕೇ: ಒಟ್ಟು ದೋಷಗಳಲ್ಲಿ ಗ್ರಾಹಕರ ಕೈಗೆ ಹೋಗುವ ಮುಂಚೆಯೇ ಹಿಡಿದವುಗಳ ಪಾಲು. ಒಟ್ಟು ಎಷ್ಟು ದೋಷ ಅನ್ನುವುದಕ್ಕಿಂತ ಆ 12 ಹೇಗೆ ತಪ್ಪಿಸಿಕೊಂಡವು ಅನ್ನುವುದೇ ನನಗೆ ಮುಖ್ಯ. ಈ ಲೆಕ್ಕಕ್ಕೆ ಮ್ಯಾಂಟಿಸ್‌ನಿಂದ ದೋಷಗಳ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ತೆಗೆದು ಎಕ್ಸೆಲ್‌ನಲ್ಲಿ ಕೂಡಿಸಬೇಕು.

ಸಮ್ಮರಿ ಪುಟದಲ್ಲಿ ದೋಷ ಮುಗಿಸಲು ಹಿಡಿದ ಸರಾಸರಿ ದಿನ ಸಿಗುತ್ತದೆ. ಅದೊಂದನ್ನೇ ನೆಚ್ಚಬೇಡಿ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಾಗುಣಿತದ ತಪ್ಪೊಂದನ್ನು ಮುಚ್ಚಿದ ದಿನವೇ ನಮ್ಮ ಸರಾಸರಿ ಜಿಗಿಯಿತು. ಯಾರ ಹೆಸರಲ್ಲಿ ಎಷ್ಟು ದೋಷ ಎಂಬ ಪಟ್ಟಿಯೂ ಇದೆ. ಅದನ್ನು ಹಿಡಿದು ಹುಡುಗರನ್ನು ದಯವಿಟ್ಟು ಬೈಯಬೇಡಿ, ನಾಳೆಯಿಂದ ದಾಖಲಿಸುವುದನ್ನೇ ಬಿಡುತ್ತಾರೆ.

ಆ ಗುಮಾಸ್ತರಿಗೂ ಈಗ ಲಾಗಿನ್ ಕೊಟ್ಟಿದ್ದೇವೆ. ಕನ್ನಡದಲ್ಲೇ ಬರೆದು, ಬಿಲ್ಲಿನ ಫೋಟೊ ಸೇರಿಸಿ, ಕರೆಂಟು ಇತ್ತೋ ಇಲ್ಲವೋ ಅನ್ನುವುದನ್ನೂ ಮರೆಯದೆ ಹಾಕುತ್ತಾರೆ.