ಕಸೂತಿ ಅಂಗಡಿಗೆ ಆಟೋಮ್ಯಾಟಿಕ್ ಇಮೇಲ್ ಹಾಕಿಸಿದ್ವಿ, ಹುಬ್ಬಳ್ಳಿ ವಿದ್ಯಾನಗರದ ಈ ಸರ್ವಿಸ್ ಬಗ್ಗೆ ನನ್ನ ರಿವ್ಯೂ

ಧಾರವಾಡದಾಗ ನಮ್ಮ ವೈನಿ ಕಸೂತಿ ಸೀರಿ, ಬ್ಲೌಸ್ ಪೀಸ್, ದುಪಟ್ಟಾ ಮಾಡಿಸಿ ಆನ್‌ಲೈನ್ ಮಾರ್ತಾರ, ವೆಬ್‌ಸೈಟು ಲೆಕ್ಕ ಎಲ್ಲಾ ನಾ ನೋಡ್ಕೋತೀನಿ. ಗಿರಾಕಿ ಭಾಳ ಮಂದಿ ಹೊರಗಿನವರ, ಬೆಂಗಳೂರು, ಪುಣೆ, ಅಮೆರಿಕಾ ಹಿಂಗ, ಅವರಿಗೆ ಇಮೇಲೇ ಅನುಕೂಲ ಅಂತ ಇವರ ಕಡೆ ಸೆಟಪ್ ಮಾಡಿಸಿದ್ವಿ. ಐದು ಸ್ಟಾರ್‌ನ್ಯಾಗ ನಾಕು ಕೊಡ್ತೀನಿ. ಒಂದು ಯಾಕ ಕಡಿಮಿ ಅಂತ ಕೆಳಗ ಬರದೀನಿ.

ಮೊದಲ ದಿನ ನಾವು ಕೂಪನ್ನು, ಆಫರು, ಡಿಸೈನು ಅಂತ ಮಾತಾಡಾಕ ಹೋದ್ರ ಇವರು ಅದನ್ನೆಲ್ಲಾ ಬದಿಗಿಟ್ಟು ಒಂದ ಮಾತು ಕೇಳಿದ್ರು, "ಅಕ್ಕಾರ, ನಿಮ್ಮ ಸೈಟಿನ್ಯಾಗ ಇಮೇಲ್ ಕೊಟ್ಟವರಿಗೆ ಮುಂದ ಏನ್ ಬರ್ತೈತಿ ಅಂತ ಗೊತ್ತೈತೇನ್ರಿ?" ಎಲ್ಲಾ ಅಂಗಡಿ ಸೈಟಿನ್ಯಾಗ ಒಂದು ಡಬ್ಬಿ ಇರ್ತೈತಿ ನೋಡ್ರಿ, "ಅಪ್‌ಡೇಟ್ ಪಡೆಯಿರಿ" ಅಂತ, ಅದರಾಗ ಯಾವ ಅಪ್‌ಡೇಟು, ದಿನಾ ಬರ್ತಾವೋ ವರ್ಷಕ್ಕೊಮ್ಮೆ ಬರ್ತಾವೋ ಏನೂ ಇರಂಗಿಲ್ಲ. ಇವರು ಆ ಸಾಲು ತಗದು ಹಿಂಗ ಹಾಕ್ಯಾರ: "ಮೊದಲ ಹತ್ತು ದಿನದಾಗ ನಾಕು ಮೇಲ್ ಬರ್ತಾವು, ಕಸೂತಿ ಹೆಂಗ ಮಾಡ್ತಾರ, ಸೀರಿ ಹೆಂಗ ಕಾಪಾಡೂದು, ರೇಟು ಹೆಂಗ ಹಾಕ್ತೀವಿ ಅಂತ. ಆಮ್ಯಾಲೆ ತಿಂಗಳಿಗೆ ಒಂದ. ದೀಪಾವಳಿ, ಯುಗಾದಿ ಮುಂದ ಎರಡು ಹೆಚ್ಚಿಗಿ. ಬ್ಯಾಡ ಅನಿಸಿದ್ರ ಯಾವಾಗರ ಒಂದ ಕ್ಲಿಕ್‌ನ್ಯಾಗ ನಿಲ್ಲಸ್ರಿ." ಇಷ್ಟ.

ಇದನ್ನ ಓದಿ ಮಂದಿ ಓಡಿ ಹೋಗ್ತಾರ ಅಂತ ವೈನಿಗೆ ಅಂಜಿಕಿ ಇತ್ತು. ಇವರು ಕೊಟ್ಟ ಉತ್ತರ ನನಗ ಭಾಳ ಸರಿ ಅನಿಸ್ತು. ಅದನ್ನ ಓದಿ ಹೋಗೋರು ನಾಳೆ ಮೇಲ್ ಬಂದಾಗ ಸ್ಪ್ಯಾಮ್ ಬಟನ್ ಒತ್ತೋರ, ಈಗ ಹೋದ್ರ ನಮಗ ಲುಕ್ಸಾನಿಲ್ಲ. ಸ್ಪ್ಯಾಮ್ ಒತ್ತಿದ್ರ ಮಾತ್ರ ಲುಕ್ಸಾನು ಖರೇ ಐತಿ, ಯಾಕಂದ್ರ 2024ರ ಫೆಬ್ರುವರಿಯಿಂದ ಜಿಮೇಲ್ ಯಾಹೂ ಎರಡೂ ನಿಯಮ ಬಿಗಿ ಮಾಡ್ಯಾವು, ಸ್ಪ್ಯಾಮ್ ಅಂತ ಹೇಳೋರ ಪ್ರಮಾಣ ಶೇಕಡಾ 0.3 ಮುಟ್ಟಬಾರದು ಅಂತ ಜಿಮೇಲ್ ಹೇಳ್ತೈತಿ, ಅಂದ್ರ ಸಾವಿರ ಮೇಲಿಗೆ ಮೂರ ಮಂದಿ ಸಿಟ್ಟಾದ್ರ ಸಾಕು, ಬೇಕು ಅಂದವರಿಗೆ ಹೋಗೋ ಮೇಲೂ ಸ್ಪ್ಯಾಮ್ ಫೋಲ್ಡರಿಗೆ ಬೀಳಾಕ ಶುರು ಆಗ್ತಾವು. ದಿನಕ್ಕ 5,000ಕ್ಕಿಂತ ಹೆಚ್ಚು ಕಳಸೋರಿಗೆ ಒಂದ ಕ್ಲಿಕ್‌ನ್ಯಾಗ ನಿಲ್ಲಸೋ ಸೌಲಭ್ಯ ಕಡ್ಡಾಯ. ನಮ್ಮದು ಅದರ ಹತ್ರಕ್ಕೂ ಹೋಗಂಗಿಲ್ಲ, ಆದ್ರೂ ಇವರು ಮೊದಲ ದಿನದಿಂದ ಅದನ್ನ ಹಾಕ್ಯಾರ, ಮೇಲ್ ಖರೇನ ನಮ್ಮ ಅಂಗಡಿಯಿಂದನ ಬಂದೈತಿ ಅಂತ ತೋರಸೋ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ ಮೂರೂ ಸೆಟ್ಟಿಂಗ್ ಡೊಮೇನಿಗೆ ಮಾಡ್ಯಾರ. ನಮ್ಮ ದೇಶದ 2023ರ ಡೇಟಾ ಕಾಯ್ದೆನೂ ಅದನ್ನ ಹೇಳ್ತೈತಿ, ಒಪ್ಪಿಗಿ ಕೊಡೂದು ಎಷ್ಟು ಸಲೀಸೋ ವಾಪಸ್ ತಗೊಳ್ಳೂದೂ ಅಷ್ಟ ಸಲೀಸ ಇರಬೇಕು ಅಂತ.

ಇಮೇಲ್ ಕೊಟ್ಟ ಕೂಡ್ಲೇ ಒಂದು ಮೇಲ್ ಹೋಗ್ತೈತಿ, ಅದರಾಗಿನ ಲಿಂಕ್ ಒತ್ತಿದ್ರನ ಹೆಸರು ಪಟ್ಟಿಗೆ ಸೇರೂದು, ಯಾರೋ ಯಾರದೋ ಇಮೇಲ್ ಕೊಟ್ರ ನಡಿಯಂಗಿಲ್ಲ. ಕಳಸೋರ ಹೆಸರಿನ್ಯಾಗ ಅಂಗಡಿ ಹೆಸರ ಇರ್ತೈತಿ. ರಿಪ್ಲೈ ಮಾಡಿದ್ರ ಸೀದಾ ವೈನಿ ಕಡೆ ಬರ್ತೈತಿ, ರಿಪ್ಲೈ ಮಾಡಬ್ಯಾಡ್ರಿ ಅನ್ನೋ ವಿಳಾಸ ಇಟ್ಟಿಲ್ಲ, ಇದು ನನಗ ಮನಸ್ಸಿಗೆ ಬಂತು.

ಆದ್ರ ಇವರ ಕೆಲಸದ ತಾಕತ್ತು ಕಾಣೂದು ಆರ್ಡರ್ ಆದ ಮ್ಯಾಲೆ ಹೋಗೋ ಮೇಲಿನ್ಯಾಗ. ಕಸೂತಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಬಟ್ಟಿ ಮ್ಯಾಲೆ ಏನೂ ಬರಕೊಳ್ಳಂಗಿಲ್ಲ, ಎಳಿ ಎಣಿಸಿ ಸೂಜಿ ಹಾಕಬೇಕು, ಗವಂತಿ ಹೊಲಿಗಿ ಅಂದ್ರ ಎರಡೂ ಕಡೆ ಒಂದ ನಮೂನಿ ಕಾಣಬೇಕು, ಗಂಟು ಕಾಣಬಾರದು, ಸೆರಗು ತುಂಬ ಕೆಲಸ ಇದ್ರ ತಿಂಗಳುಗಟ್ಟಲೆ ಹಿಡಿತೈತಿ. ರೊಕ್ಕ ಕಟ್ಟಿದವರು ಅಷ್ಟು ದಿನ ಸುಮ್ಮ ಹೆಂಗ ಕೂಡ್ತಾರ, ಎಲ್ಲಿಗೆ ಬಂತು ಅಂತ ಕೇಳೂದು ಅವರ ಹಕ್ಕು. ಅದಕ್ಕ ಇವರು ಇಂತಿಷ್ಟು ದಿನಕ್ಕ ಒಂದು ಮೇಲ್ ಅಂತ ಇಟ್ಟಿಲ್ಲ, ವೈನಿ ಮೊಬೈಲ್‌ನ್ಯಾಗ ಆರ್ಡರಿನ ಹಂತ ಬದಲಿ ಮಾಡಿದಾಗಷ್ಟ ಮೇಲ್ ಹೋಗ್ತೈತಿ. ಅದರಾಗಿಂದ ಒಂದು ಮೇಲ್ ಇಲ್ಲಿ ಹಾಕ್ತೀನಿ:

"ನಮಸ್ಕಾರ್ರಿ. ನಿಮ್ಮ ಸೀರಿ ಸೆರಗಿಗೆ ಗೋಪುರದ ಸಾಲು ಶುರು ಆಗೇತಿ. ಇದು ನಿಧಾನದ ಕೆಲಸ, ಗವಂತಿ ಮುಗಿಯೂತನಕ ನಮ್ಮ ಕಡಿಂದ ಮೇಲ್ ಬರಂಗಿಲ್ಲ, ಕೆಲಸ ನಿಂತೈತಿ ಅಂತ ತಿಳ್ಕೋಬ್ಯಾಡ್ರಿ. ಮುಂದಿನ ಮೇಲಿನ್ಯಾಗ ಫೋಟೋ ಇರ್ತೈತಿ. ನಡುವ ಏನರ ಕೇಳೂದಿದ್ರ ಇದಕ್ಕ ರಿಪ್ಲೈ ಮಾಡ್ರಿ."

ಮೇಲ್ ಬರಂಗಿಲ್ಲ ಅಂತ ಹೇಳಾಕ ಒಂದು ಮೇಲ್ ಕಳಸೂದು ಯಾರಿಗೆ ಹೊಳಿತೈತ್ರಿ! ಇದು ಹೋಗಾಕ ಶುರು ಆದ ಮ್ಯಾಲೆ "ನನ್ನ ಸೀರಿ ಎಲ್ಲಿಗೆ ಬಂತ್ರಿ" ಅನ್ನೋ ಫೋನು ಎಷ್ಟೋ ಕಡಿಮಿ ಆಗ್ಯಾವು, ವೈನಿ ಮನಸ್ಸಿಟ್ಟು ಕೆಲಸ ನೋಡಾಕ ಆಗೇತಿ. ದೀಪಾವಳಿ ಮೇಲಿನ ಮುಂಚೆನೂ ಹಂಗ, "ಈ ಹಬ್ಬದ ಮೇಲ್ ಬ್ಯಾಡ ಅಂದ್ರ ಇಲ್ಲಿ ಒತ್ರಿ, ತಿಂಗಳ ಮೇಲ್ ಬರ್ತಾನ ಇರ್ತಾವು" ಅಂತ ಒಂದು ಸಾಲು ಹೋಗ್ತೈತಿ. ಹಬ್ಬದ ಗದ್ದಲ ಬ್ಯಾಡ ಅನ್ನೋರು ಅಂಗಡೀನ ಬಿಟ್ಟು ಹೋಗೂದು ಇದರಿಂದ ತಪ್ಪತೈತಿ.

ಈಗ ಒಂದು ಸ್ಟಾರ್ ಯಾಕ ಹೋತು. ಸೀರಿ ಆರ್ಡರ್ ಮಾಡಿದವರಿಗೆ ಮರುದಿನ "ಮೊದಲ ಆರ್ಡರಿಗೆ ರಿಯಾಯಿತಿ" ಅನ್ನೋ ಮೇಲ್ ಹೋತು, ಪೂರಾ ರೊಕ್ಕ ಕೊಟ್ಟವರಿಗೆ ಅದು ಎಷ್ಟು ಕೆಟ್ಟ ಅನಿಸಿರಬೇಕು ಹೇಳ್ರಿ. ಆರ್ಡರ್ ಆದ ಕೂಡ್ಲೇ ಆ ಮೇಲ್ ಹೋಗೋ ಪಟ್ಟಿಯಿಂದ ಅವರನ್ನ ತಗೀಬೇಕಿತ್ತು, ನಾವು ಹೇಳಿದ ಮ್ಯಾಲೆ ತಗದ್ರು, ಟೆಸ್ಟ್ ಮಾಡುವಾಗ ಇವರಿಗೇ ಗೊತ್ತಾಗಬೇಕಿತ್ತು. ಇನ್ನೊಂದು, ತಿಂಗಳ ರಿಪೋರ್ಟಿನ್ಯಾಗ ಎಷ್ಟು ಮಂದಿ ಮೇಲ್ ತಗದು ನೋಡ್ಯಾರ ಅನ್ನೋ ಲೆಕ್ಕಾನ ದೊಡ್ಡದಾಗಿ ತೋರಸ್ತಾರ. 2021ರಾಗ ಆ್ಯಪಲ್‌ನವರು ತಮ್ಮ ಮೇಲ್ ಆ್ಯಪಿಗೆ ಪ್ರೈವಸಿ ಸೌಲಭ್ಯ ತಂದ ಮ್ಯಾಲೆ ಓದದಿದ್ರೂ ಓದಿದಂಗ ಲೆಕ್ಕ ಬರ್ತೈತಿ, ನಮ್ಮ ಅಮೆರಿಕಾದ ಗಿರಾಕಿಗಳ ಕಡೆ ಐಫೋನೇ ಹೆಚ್ಚು, ಅಂದ್ಮ್ಯಾಲೆ ಆ ಲೆಕ್ಕ ತಗೊಂಡು ಏನ್ ಮಾಡೂದು. ಎಷ್ಟು ಮಂದಿ ಲಿಂಕ್ ಒತ್ತ್ಯಾರ, ರಿಪ್ಲೈ ಮಾಡ್ಯಾರ, ನಿಲ್ಲಿಸ್ಯಾರ, ಅದನ್ನ ಮ್ಯಾಲೆ ಹಾಕ್ರಿ ಅಂತ ಇವರಿಗೆ ಇಲ್ಲಿಂದನ ಹೇಳ್ತೀನಿ. ಇಂಗ್ಲಿಷ್ ಮೇಲಿನ ಭಾಷಾನೂ ಸ್ವಲ್ಪ ಬ್ಯಾಂಕಿನ ನೋಟಿಸ್ ಇದ್ದಂಗ ಐತಿ, ಕನ್ನಡದ್ದು ಮಾತ್ರ ವೈನಿ ಮಾತಾಡಿದಂಗನ ಬಂದೈತಿ.

ರೇಟು ಬ್ಯಾರೆ ಕಡೆ ಕೇಳಿದ್ದಕ್ಕಿಂತ ತುಸು ಹೆಚ್ಚು, ಆದ್ರ ಮೋಸ ಇಲ್ಲ, ಮೇಲ್ ಕಳಸೋ ಟೂಲಿನ ತಿಂಗಳ ಬಾಡಿಗಿ, ಗಿರಾಕಿ ಪಟ್ಟಿ ಬೆಳದಂಗ ಏರ್ತೈತಿ ಅಂತ ಮೊದಲ ಹೇಳ್ಯಾರ. ಆರು ತಿಂಗಳ ಯಾವ ಲಿಂಕೂ ಒತ್ತದವರಿಗೆ "ಇನ್ನೂ ಬೇಕೇನ್ರಿ?" ಅಂತ ಕೇಳಿ, ಉತ್ತರ ಬರದಿದ್ರ ತಗದು ಬಿಡೂದನ್ನೂ ಅದಕ್ಕ ಇಟ್ಟಾರ.

ಸಣ್ಣ ವ್ಯಾಪಾರ ಇದ್ದವರು, ಅದರಾಗೂ ಸಾಮಾನು ತಯಾರಾಗಾಕ ದಿನ ಹಿಡಿಯೋರು, ಇವರ ಕಡೆ ಹೋಗ್ರಿ. ಹೋಗುವಾಗ ನಿಮ್ಮ ಗಿರಾಕಿ ಫೋನ್ ಮಾಡಿ ಏನೇನ್ ಕೇಳ್ತಾರ ಅಂತ ಒಂದು ಹಾಳಿ ಮ್ಯಾಲೆ ಬರಕೊಂಡು ಹೋಗ್ರಿ, ಇವರು ಮೊದಲ ಕೇಳೂದು ಅದನ್ನ.